ತಿಥಿಗೆ ಬಂದ ಮುಂಗುಸಿ

ನನ್ನ ಗಂಡ ಕಿಶೋರ್ ಜೀವಂತ ಕೋಳಿಯನ್ನು ಹತ್ತಿರದಿಂದ ನೋಡಿದ್ದು ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ. ಆದರೂ ಒಂದೇ ವಾರದಲ್ಲಿ ಕೋಳಿ ತಜ್ಞನಾದ. ಕುದುರೆ ತಜ್ಞನಾಗಲು ಇನ್ನೂ ಕಡಿಮೆ ಸಮಯ ಸಾಕಾಯಿತು. ಅವನ ಕಫೀಲ್, ಅಂದರೆ ವೀಸಾ ಕೊಟ್ಟ ಅರಬ್ ಧಣಿ, ಮಂಡಿನೋವಿನ ಚಿಕಿತ್ಸೆಗೆಂದು ಮೂರು ತಿಂಗಳು ಪರದೇಶಕ್ಕೆ ಹೊರಟಾಗ, ರುಸ್ತಾಕ್ ಬಳಿಯ ತಮ್ಮ ತೋಟವನ್ನೂ ಅಲ್ಲಿದ್ದ ಎರಡು ಕುದುರೆ, ಮೂವತ್ತು ಕೋಳಿಗಳನ್ನೂ 'ಸ್ವಲ್ಪ ನೋಡಿಕೋ' ಎಂದು ಒಪ್ಪಿಸಿದ್ದರು.

ನಿಜವಾಗಿ ನೋಡಿಕೊಳ್ಳುತ್ತಿದ್ದವನು ಅಂಗಾರ. ಕಾರ್ಕಳದ ಕಡೆಯವನು, ಹದಿನಾಲ್ಕು ವರ್ಷಗಳಿಂದ ಅದೇ ತೋಟದಲ್ಲಿದ್ದಾನೆ. ಕಿಶೋರ್ ನಗರದ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಕೂತು ವಾಟ್ಸಾಪಿನಲ್ಲಿ ಸೂಚನೆ ಕಳಿಸುತ್ತಿದ್ದ. ಅಂಗಾರ ಹೆಬ್ಬೆರಳಿನ ಚಿತ್ರ ಕಳಿಸಿ ತನ್ನ ಪಾಡಿಗೆ ತನ್ನ ಕೆಲಸ ಮಾಡುತ್ತಿದ್ದ. ತೋಟ ಚೆನ್ನಾಗಿಯೇ ನಡೆಯುತ್ತಿತ್ತು.

ಆಮೇಲೆ ಮೊಟ್ಟೆಗಳು ಕಾಣೆಯಾಗತೊಡಗಿದವು. ಒಂದು ಕೋಳಿಯೂ ಹೋಯಿತು. ಕಿಶೋರ್ ಇಂಟರ್‌ನೆಟ್ ಜಾಲಾಡಿ, ಕಳ್ಳ 'ಒಪೋಸಮ್' ಎಂದು ಘೋಷಿಸಿದ. ಅದು ಅಮೆರಿಕದ ಪ್ರಾಣಿ, ಬೆಕ್ಕಿನ ಗಾತ್ರ, ಮರಿಗಳನ್ನು ಹೊಟ್ಟೆಯ ಚೀಲದಲ್ಲಿ ಹೊತ್ತು ತಿರುಗುತ್ತದಂತೆ. ಅಷ್ಟು ದೂರದಿಂದ ರುಸ್ತಾಕಿಗೆ ಹೇಗೆ ಬಂತು, ವೀಸಾ ಯಾರು ಕೊಟ್ಟರು ಎಂದೆಲ್ಲ ಕೇಳುವಂತಿರಲಿಲ್ಲ. ಅದರ ಹಿಕ್ಕೆ ಮೇವಿಗೆ ಬಿದ್ದರೆ ಕುದುರೆಗೆ ನರದ ಕಾಯಿಲೆ ಬರುತ್ತದೆಂದು ಓದಿ, ಬಾರ್ಲಿಯನ್ನೆಲ್ಲ ಮುಚ್ಚಳದ ಡ್ರಮ್ಮಿಗೆ ತುಂಬಿಸಿದ.

"ಸಾರ್, ಅದು ಮುಂಗುಸಿ ಮಾರಾಯ್ರೆ," ಎಂದ ಅಂಗಾರ. "ಹುಲ್ಲಿನ ರಾಶಿಯ ಹಿಂದೆ ಉಂಟು. ಕುದುರೆಗೆ ಅದು ಲೆಕ್ಕಕ್ಕೇ ಇಲ್ಲ. ಗೂಡಿನ ಬಾಗಿಲು ಸರಿ ಮಾಡಿಸಿ ಕೊಡಿ, ಮೊಟ್ಟೆ ನಾನು ಹೊತ್ತಿಗೆ ತೆಗಿತೇನೆ. ಅದು ಇರ್ಲಿ ಪಾಪ, ಹಾವು ಬರುವುದಿಲ್ಲ."

ಇಷ್ಟು ಸುಲಭದ ಪರಿಹಾರ ಇಂಜಿನಿಯರಾದ ನನ್ನ ಗಂಡನಿಗೆ ರುಚಿಸೀತೇ? ಅಲ್ ಮಬೇಲಾದ ವರ್ಕ್‌ಶಾಪಿನಲ್ಲಿ ಕಬ್ಬಿಣದ ಬೋನು ಮಾಡಿಸಿದ. ಚಿರತೆಯೇ ಬಂದರೂ ಆರಾಮವಾಗಿ ಮಲಗಬಹುದಿತ್ತು. ಕಳ್ಳನನ್ನು ಹಿಡಿದು ದೂರದ ಬೆಟ್ಟದಲ್ಲಿ ಬಿಟ್ಟು ಬರುವುದೆಂದು ತೀರ್ಮಾನವಾಯಿತು.

ಬೋನು ಇಟ್ಟ ಶುಕ್ರವಾರವೇ ನನ್ನ ಮಾವ ಬಾಲಸುಬ್ರಹ್ಮಣ್ಯ ಅವರ ತಿಥಿ. ಫ್ಲ್ಯಾಟಿನ ಬಾಲ್ಕನಿಯಲ್ಲಿ ಕಾಗೆಗೆ ಅನ್ನವಿಟ್ಟರೆ ಕೆಳಗಿನ ಮನೆಯವರು ಜಗಳಕ್ಕೆ ಬರುತ್ತಾರೆ. ಹಾಗಾಗಿ ಅತ್ತೆ ಪದ್ಮಮ್ಮನವರನ್ನು ಕರೆದುಕೊಂಡು ತೋಟಕ್ಕೇ ಹೋದೆವು. ಮೈಸೂರಿನ ಪುರೋಹಿತರು ವಿಡಿಯೋ ಕಾಲಿನಲ್ಲಿ ಬಾರ್ಲಿ ಡ್ರಮ್ಮಿಗೆ ಒರಗಿ ಕೂತು ಮಂತ್ರ ಹೇಳಿದರು.

ಕುದುರೆ ಲಾಯದ ಗೋಡೆಯ ಮೇಲೆ ಪಿಂಡವಿಟ್ಟು, ಕೈ ತಟ್ಟಿ ಕಾಗೆ ಕರೆದೆವು. ಕಾಗೆ ಮುಟ್ಟುವವರೆಗೆ ಯಾರೂ ಉಣ್ಣುವಂತಿಲ್ಲ. ಖರ್ಜೂರದ ಮರದಲ್ಲಿ ನಾಲ್ಕು ಕಾಗೆಗಳಿದ್ದವು. ನಮ್ಮನ್ನು ನೋಡಿದವು, ಪಿಂಡವನ್ನು ನೋಡಿದವು, ತಮ್ಮ ಹರಟೆ ಮುಂದುವರಿಸಿದವು. ಗಂಟೆ ಒಂದಾಯಿತು, ಎರಡಾಯಿತು. ಕಿಶೋರ್ "ಅಮ್ಮನ್ನ ಚೆನ್ನಾಗಿ ನೋಡ್ಕೋತೀನಿ ಅಪ್ಪ" ಎಂದು ಮಾತು ಕೊಟ್ಟ. ಮುಟ್ಟಲಿಲ್ಲ. ಮೈಸೂರಿನ ಸೈಟಿನಲ್ಲಿ ಖಂಡಿತ ಮನೆ ಕಟ್ಟಿಸುತ್ತೇನೆಂದ. ಕಾಗೆಗಳಿಗೂ ನಂಬಿಕೆ ಬರಲಿಲ್ಲ.

ಅತ್ತೆಯ ಕಣ್ಣು ತುಂಬಿತು. "ಅವ್ರಿಗೆ ಇನ್ನೂ ನನ್ನ ಮೇಲೆ ಕೋಪ ಕಣೋ," ಎಂದರು.

ಕೋಪದ ಕಾರಣ ನನಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಮಾವ, ಅತ್ತೆ ನಮ್ಮ ಮನೆಗೆ ಬಂದಿದ್ದಾಗ ಕಸದ ಬುಟ್ಟಿಯಲ್ಲಿ ಅತ್ತೆಗೆ ಮೊಟ್ಟೆಯ ಸಿಪ್ಪೆ ಸಿಕ್ಕಿತು. ನಮ್ಮದು ಬೆಳ್ಳುಳ್ಳಿಗೂ ಪ್ರವೇಶವಿಲ್ಲದ ಅಡುಗೆಮನೆ. ತಾವೇ ಆಮ್ಲೆಟ್ ಮಾಡಿಕೊಂಡು ತಿಂದದ್ದೆಂದು ಮಾವ ಒಪ್ಪಿಕೊಂಡರು. ಅತ್ತೆ ಅವರೊಡನೆ ಮಾತು ಬಿಟ್ಟರು. ಹನ್ನೊಂದನೆಯ ದಿನ ಬೆಳಿಗ್ಗೆ ಮಾವ ಏಳಲೇ ಇಲ್ಲ.

ಆಮ್ಲೆಟ್ ಮಾಡಿಕೊಡುತ್ತಿದ್ದವಳು ನಾನು, ಪ್ರತಿ ಗುರುವಾರ ಅತ್ತೆ ಭಜನೆಗೆ ಹೋದಾಗ. ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಊರಿನವರನ್ನೆಲ್ಲ ಆಡಿಕೊಳ್ಳುವ ನನ್ನ ನಾಲಿಗೆ ಆ ಒಂದು ವಿಷಯದಲ್ಲಿ ಮಾತ್ರ ಬಹಳ ಮರ್ಯಾದಸ್ಥ.

ಎರಡೂಕಾಲಿಗೆ ಹುಲ್ಲಿನ ರಾಶಿಯ ಹಿಂದಿನಿಂದ ಮುಂಗುಸಿ ಬಂತು. ಕುದುರೆಯ ಕಾಲುಗಳ ನಡುವೆಯೇ ನುಸುಳಿತು. ಕುದುರೆ ಬಾಲ ಕೂಡ ಅಲ್ಲಾಡಿಸಲಿಲ್ಲ. ಮುಂಗುಸಿ ಗೋಡೆ ಹತ್ತಿ, ಪಿಂಡವನ್ನು ಮೂಸಿ, ಮುಖ ತಿರುಗಿಸಿ ಕೆಳಗಿಳಿಯಿತು. ನೇರ ಬೋನಿನೊಳಗಿದ್ದ ಮೊಟ್ಟೆಗೆ ಹೋಯಿತು. ಬಾಗಿಲು ಧಡ್ಡೆಂದು ಬಿತ್ತು.

"ಸಿಕ್ತು!" ಕಿಶೋರ್ ಕುಣಿದಾಡಿದ. ಹತ್ತಿರ ಹೋಗಿ ನೋಡಿ, "ಒಪೋಸಮ್ ಅಲ್ಲ ಅನ್ಸುತ್ತೆ," ಎಂದ.

ಅತ್ತೆ ಎದ್ದು ಹೋಗಿ ಬೋನಿನ ಮುಂದೆ ಕೂತರು. ಮಡಿಸೀರೆ ಲದ್ದಿಯ ಮೇಲೆ ಹರಡಿದ್ದೂ ಅವರಿಗೆ ತಿಳಿಯಲಿಲ್ಲ.

"ಅನ್ನ ಬೇಡ, ಮೊಟ್ಟೇನೇ ಬೇಕು, ಅಲ್ವಾ?" ಎಂದರು. "ಸತ್ರೂ ಬುದ್ಧಿ ಬರ್ಲಿಲ್ಲ ನಿಮ್ಗೆ." ಆಮೇಲೆ ಬೋನಿನ ಸರಳು ಹಿಡಿದುಕೊಂಡರು. "ನಾನು ಮಾತು ಬಿಡ್ಬಾರ್ದಿತ್ತು ರೀ. ತಪ್ಪಾಯ್ತು."

ಬೋನಿನ ಬಾಗಿಲು ಎತ್ತಿದರು. ಹೆಂಡತಿ ತಪ್ಪೊಪ್ಪಿಕೊಂಡದ್ದನ್ನು ಕೇಳಿ ಗಾಬರಿಯಾದ ಗಂಡನಂತೆ ಮುಂಗುಸಿ ಕ್ಷಣ ಹೊತ್ತು ನಿಂತು, ಒಂದೇ ಓಟಕ್ಕೆ ಹುಲ್ಲಿನ ಹಿಂದೆ ಮಾಯವಾಯಿತು.

"ಅಮ್ಮಾ! ಕೋಳಿಗಳು! ಕಫೀಲ್‌ಗೆ ಏನು ಹೇಳ್ಲಿ?"

"ಗೂಡಿನ ಬಾಗಿಲು ಸರಿ ಮಾಡ್ಸು ಅಂತ ಅಂಗಾರ ಅವತ್ತೇ ಹೇಳಿದ್ನಲ್ಲ. ಅದನ್ನ ಮಾಡು."

ಎಂದೂ ಮೊಟ್ಟೆ ಮುಟ್ಟದ ಅತ್ತೆ ಬೋನಿನಲ್ಲಿ ಉಳಿದಿದ್ದ ಮೊಟ್ಟೆಯನ್ನು ಬರಿಗೈಯಲ್ಲಿ ಎತ್ತಿ ನನ್ನ ಕೈಗಿಟ್ಟರು. "ಅಂಗಾರನ ಒಲೆ ಮೇಲೆ ಮಾಡ್ಕೊಂಡು ಬಾ ಹಿತಾ. ಮೆಣಸು ಜಾಸ್ತಿ ಇರ್ಲಿ, ನೀನು ಗುರುವಾರ ಹಾಕ್ತಿದ್ದ ಹಾಗೆ."

"ಅತ್ತೆ, ನಿಮ್ಗೆ..."

"ನಲವತ್ತೆರಡು ವರ್ಷದಲ್ಲಿ ಒಂದು ದಿನ ಗ್ಯಾಸ್ ಹಚ್ಚಿದವ್ರಲ್ಲ. ಆಮ್ಲೆಟ್ ಮಾಡ್ಕೋತಾರಾ ಅವ್ರು? ನೀನೇ ಬಂದು ಹೇಳ್ತೀಯ ಅಂತ ಕಾದೆ. ನೀನು ಹೇಳಿದ ದಿನ ಅವ್ರನ್ನ ಮಾತಾಡ್ಸೋಣ ಅಂತಿದ್ದೆ."

ಹತ್ತು ದಿನ ಕಾದಿದ್ದರು. ಅಂಗಾರನ ಕೋಣೆಗೆ ಹೋಗಿ ಆಮ್ಲೆಟ್ ಮಾಡಿದೆ. ಈರುಳ್ಳಿ ಇರಲಿಲ್ಲ, ಹಾಗಾಗಿ ಅಳುವುದಕ್ಕೆ ನೆವವೂ ಇರಲಿಲ್ಲ. ಆದರೂ ಅತ್ತುಬಿಟ್ಟೆ.

ಅತ್ತೆ ಪುರೋಹಿತರಿದ್ದ ಫೋನನ್ನು ಕವುಚಿ ಹಾಕಿ, ಆಮ್ಲೆಟನ್ನು ಪಿಂಡದ ಪಕ್ಕದಲ್ಲಿಟ್ಟರು. ಅವರು ಎರಡು ಹೆಜ್ಜೆ ಹಿಂದೆ ಸರಿಯುವಷ್ಟರಲ್ಲಿ ಕಾಗೆ ಬಂತು.

ಅದು ತಿಂದು ಮುಗಿಸುವವರೆಗೂ ನೋಡುತ್ತ ನಿಂತಿದ್ದು, ಅತ್ತೆ ಸೆರಗಿನಿಂದ ಮೊದಲು ನನ್ನ ಮುಖ ಒರೆಸಿದರು.

"ಅವ್ರದ್ದಾಯ್ತು," ಎಂದರು. "ಎಲೆ ಹಾಕು. ಎಲ್ರೂ ಹಸ್ಕೊಂಡಿದ್ದಾರೆ."