ಅಪ್ಪನ ನಡುಗಿದ ಸಹಿ

ಹಿರಿಯರು ಕಣ್ಣು ಮುಚ್ಚಿದ ಮೇಲೆ ಪೆಟ್ಟಿಗೆಯಿಂದ ಒಂದು ಕಾಗದ ಹೊರಗೆ ಬರುತ್ತದೆ. ಅದುವರೆಗೆ ಕೂಡಿ ಉಂಡವರು ಮುಖ ತಿರುವಿಕೊಳ್ಳುತ್ತಾರೆ. ಇದು ಯಾವ ಊರಲ್ಲಿ ನಡೆದಿಲ್ಲ ಹೇಳಿ? ೧೯೭೭ರಲ್ಲಿ ಮನೋಳಿಯ ನಿಜಗುಣಪ್ಪನವರ ಮನೆಯಲ್ಲೂ ನಡೆಯಿತು.

ನಿಜಗುಣಪ್ಪನವರಿಗೆ ಇಬ್ಬರು ಮಕ್ಕಳು. ಮಗ ಸಂಗಪ್ಪ ಬೈಲಹೊಂಗಲದ ಪೇಟೆಯಲ್ಲಿ ದಲಾಲಿ ಅಂಗಡಿ ಇಟ್ಟುಕೊಂಡು ಅಲ್ಲೇ ಸಂಸಾರ ಹೂಡಿದ್ದ. ಮಗಳು ರಾಚವ್ವ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ತಂದೆಯನ್ನು ನೋಡಿಕೊಂಡಿದ್ದಳು. ತಂದೆ ಹೋದ ಮೇಲೆ ಅವಳು ಒಂದು ಮೃತ್ಯುಪತ್ರ ತೋರಿಸಿದಳು. ಅವರು ತಾವೇ ದುಡಿದು ಕೊಂಡ ಹೊಳೆದಂಡೆಯ ಎರಡು ಎಕರೆ ಮಗಳಿಗೆ, ಉಳಿದದ್ದೆಲ್ಲ ಮಗನಿಗೆ ಎಂದು ಅದರಲ್ಲಿ ಬರೆದಿತ್ತು.

ಸಂಗಪ್ಪನ ಎದೆ ಉರಿದದ್ದು ಹೊಲಕ್ಕಲ್ಲ, ಕೆಳಗಿನ ಸಹಿಗೆ. ಅಪ್ಪನದು ದುಂಡನೆಯ ಅಕ್ಷರ, ಬಿಗಿಯಾದ ಗೆರೆ. ಇಲ್ಲಿ ನೋಡಿದರೆ ಅಕ್ಷರಗಳು ಹಾವು ಹರಿದಂತೆ ಸೊಟ್ಟಗಿದ್ದವು.

"ಇದು ಅಪ್ಪನ ಸಹಿ ಅಲ್ಲ. ಯಾರ ಕಡಿಂದ ಮಾಡಿಸೀದಿ ರಾಚವ್ವಾ?"

"ಅಪ್ಪನ ಕೈ ನಡಗತಿತ್ತು ಅಣ್ಣಾ. ತುತ್ತು ಸೈತ ನಾನ ಮಾಡಿ ಕೊಡತಿದ್ದೆ."

"ನಾ ಬಂದಾಗ ಎಂದೂ ನಡಗಿದ್ದು ಕಂಡಿಲ್ಲಲ್ಲ!"

"ನೀ ಬಂದಾಗ ಶಾಲಿನ ಒಳಗ ಕೈ ಇಟಕೊಂಡ ಕುಂದರತಿದ್ದ. ಮಗಾ ಚಿಂತಿ ಮಾಡತಾನ ಅಂತ."

ಸಂಗಪ್ಪ ನಂಬಲಿಲ್ಲ. ಸಾಕ್ಷಿ ಹಾಕಿದ ಇಬ್ಬರು ಬಂದು ಹೌದೆಂದರೂ ನಂಬಲಿಲ್ಲ. ಸೊಟ್ಟ ಅಕ್ಷರವನ್ನು ಎಲ್ಲರಿಗೂ ತೋರಿಸಲು ಪೆನ್ನು ತೆಗೆದು ಅದಕ್ಕೆ ಸುತ್ತು ಹಾಕಲು ಹೋದ. ಜೊತೆಗೆ ಬಂದಿದ್ದ ಶಾಲೆಯ ಗೆಳೆಯ, ಸವದತ್ತಿಯಲ್ಲಿ ವಕೀಲಿ ಮಾಡುವ ಪರಪ್ಪ, ಅವನ ಕೈ ಹಿಡಿದ.

"ಮೂಲ ಕಾಗದದ ಮ್ಯಾಲ ಒಂದ್ ಗೀಟೂ ಎಳೀಬ್ಯಾಡ ಮಾರಾಯಾ. ಮಡಚಬ್ಯಾಡ, ಟಾಚಣಿ ಸೂಜಿ ಚುಚ್ಚಬ್ಯಾಡ. ಸಂಶೇ ಇದ್ದರ ಕೋರ್ಟಿನ ಮುಖಾಂತರ ಕೈಬರಹ ಪರೀಕ್ಷಾ ಮಾಡಸೋಣು."

"ಕಣ್ಣಿಗೆ ಕಾಣೂದಕ್ಕ ಪರೀಕ್ಷಾ ಯಾಕ ಬೇಕೋ?"

"ನಿನ್ನ ಕಣ್ಣಿಗೆ ಅಕ್ಷರದ ಆಕಾರ ಅಷ್ಟ ಕಾಣತೈತಿ. ಅವರು ಭೂತಗನ್ನಡಿ ಹಿಡದು ಪೆನ್ನು ಹೆಂಗ ನಡೀತು, ಎಲ್ಲಿ ನಿಂತಿತು, ಎಲ್ಲಿ ಎತ್ತಿದರು ಎಲ್ಲಾ ನೋಡತಾರ."

ದಾವೆ ಹೂಡಿದ ಮೇಲೆ ಸಂಗಪ್ಪ ಅಪ್ಪನ ಹಳೆಯ ಖರೀದಿ ಪತ್ರಗಳನ್ನು ಪರಪ್ಪನ ಮುಂದೆ ಹರವಿದ. ಎಲ್ಲದರಲ್ಲೂ ಬಿಗಿಯಾದ ಸಹಿ.

"ಇವೆಲ್ಲ ನಿಮ್ಮಪ್ಪ ಗಟ್ಟಿ ಇದ್ದಾಗಿನ್ವು. ಇವೂ ಬೇಕು. ಆದರ ಮೃತ್ಯುಪತ್ರ ಬರದ ವರ್ಷದ ಸಹಿ ಎಲ್ಲಿ? ನಿನಗ ಅನುಕೂಲ ಆಗೂವು ಅಷ್ಟ ತಂದರ ಪರೀಕ್ಷಾ ಹೆಂಗ ಆದೀತು?"

ಮನೆಯಲ್ಲಿ ಸಂಗಪ್ಪನ ಹೆಂಡತಿ ಸೋಮವ್ವ ನೆನಪು ಮಾಡಿದಳು. "ಹೋದ ವರ್ಷ, ಮೃತ್ಯುಪತ್ರ ಬರದ ವರ್ಷನ, ಮಾವನೋರು ಸೊಸಾಯಟ್ಯಾಗ ಬೀಜದ ಶೇಂಗಾ ತಗೊಂಡಿದ್ರಲ್ರಿ. ಅಲ್ಲಿ ಸಹಿ ಮಾಡಿರಬೇಕು, ನೋಡಿ ಬರ್ರಿ."

ಸಂಗಪ್ಪ ಮನೋಳಿಯ ಸಹಕಾರಿ ಸೊಸಾಯಟಿಗೆ ಹೋದ. ಪಾವತಿ ಪುಸ್ತಕದಲ್ಲಿ ಅಪ್ಪನ ಹೆಸರು ಸಿಕ್ಕಿತು. ಅದೂ ಸೊಟ್ಟ, ಅದೂ ನಡುಗಿದ ಸಹಿ. ಅವನು ಪುಸ್ತಕ ಮುಚ್ಚಿಟ್ಟ. ಸಹಿ ಸಿಗಲಿಲ್ಲ ಎಂದುಬಿಟ್ಟರೆ ಯಾರು ಕೇಳುತ್ತಾರೆ ಎಂಬ ಯೋಚನೆಯೂ ಸುಳಿಯಿತು. ಬಸ್ಸಿನಲ್ಲಿ ಸವದತ್ತಿಯವರೆಗೂ ಅದೇ ಹೊಯ್ದಾಟ. ಇಳಿದವನೇ ಪರಪ್ಪನ ಮನೆಗೆ ಹೋಗಿ, "ಸಿಕ್ಕೈತಿ. ಕೋರ್ಟಿಗೆ ತರಿಸು," ಎಂದ.

ಹಳೆಯ ಸಹಿ, ಹೊಸ ಸಹಿ, ಮೃತ್ಯುಪತ್ರ, ಎಲ್ಲವೂ ಪರೀಕ್ಷಕರ ಕೈ ಸೇರಿದವು. ಕೆಲವು ತಿಂಗಳ ಮೇಲೆ ವರದಿ ಬಂತು. ಪರಪ್ಪ ಅದನ್ನು ಓದಿ ತಿಳಿಸಿ ಹೇಳಿದ.

"ಕಳ್ಳಸಹಿ ಮಾಡಾಂವ ನೋಡಕೋತ ಬರೀತಾನ ಸಂಗಪ್ಪಾ. ನಡುನಡುವ ಪೆನ್ನು ತಡೀತೈತಿ, ಮತ್ತ ಹಚ್ಚತಾನ, ತಿದ್ದತಾನ. ಇಲ್ಲಿ ಅಂಥಾದ್ದಿಲ್ಲ. ಕೈ ನಡಗೇತಿ ಖರೆ, ರೂಢಿ ತಪ್ಪಿಲ್ಲ. 'ಪ್ಪ' ಬರದು ಪೆನ್ನು ಎತ್ತದ ಹಂಗ ಕೆಳಗ ಗೆರಿ ಎಳದಾರ. ಖರೀದಿ ಪತ್ರದಾಗೂ ಹಂಗ, ಶೇಂಗಾದ ಪಾವತ್ಯಾಗೂ ಹಂಗ. ಇದು ನಿಮ್ಮಪ್ಪನ ಕೈನ ಅಂತ ಅವರ ಅಭಿಪ್ರಾಯ. ಕೋರ್ಟು ಸಾಕ್ಷಿದಾರರ ಮಾತೂ ಕೇಳತೈತಿ. ದಾವೆ ನಡಸೂದೋ ಬಿಡೂದೋ, ನೀ ಹೇಳು."

ಅಪ್ಪನ ಸಹಿ ಸಂಗಪ್ಪನಿಗೆ ಗೊತ್ತಿತ್ತು. ಅಪ್ಪನ ಕೈ ಗೊತ್ತಿರಲಿಲ್ಲ.

"ಸಾಕು. ದಾವೆ ಹಿಂದಕ್ಕ ತಗೊಳ್ಳೋಣು," ಎಂದ.

ಅಂದೇ ಮನೋಳಿಗೆ ಹೋದ. ರಾಚವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅಣ್ಣನನ್ನು ಕಂಡು ಎದ್ದು ನಿಂತಳು.

"ತಂಗೀ, ನಿನಗ ಕಳ್ಳಿ ಅಂದೆ. ತಪ್ಪಾತು."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನಗ ಸಿಟ್ಟು ಇನ್ನೂ ಹೋಗಿಲ್ಲ ಅಣ್ಣಾ. ಆದರೂ ಒಳಗ ಬಾ, ಬಿಸಿ ರೊಟ್ಟಿ ಅದಾವ, ಉಣ್ಣು."

ಸಂಗಪ್ಪ ಚಪ್ಪಲಿ ಬಿಟ್ಟು ಒಳಗೆ ಹೋದ.

ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನಿಮ್ಮ ಮನೆಯಲ್ಲೂ ಒಂದು ಸಹಿಯ ಮೇಲೆ ಸಂಶಯ ಬರಬಹುದು. ಸಂಶಯ ತಪ್ಪಲ್ಲ, ಪರೀಕ್ಷೆಗೆ ಮೊದಲೇ ಒಬ್ಬರನ್ನು ಕಳ್ಳರೆನ್ನುವುದು ತಪ್ಪು. ಮೂಲ ಕಾಗದವನ್ನು ಇದ್ದ ಹಾಗೆಯೇ ಕಾಪಾಡಿ. ಅದೇ ಕಾಲದ ಸಹಿಗಳನ್ನು ಹುಡುಕಿ, ನಿಮಗೆ ವಿರುದ್ಧವಾದದ್ದು ಸಿಕ್ಕರೂ ಬಚ್ಚಿಡದೆ ವಕೀಲರ ಕೈಗೆ ಕೊಡಿ. ಸುಳ್ಳು ಸಹಿ ಇದ್ದರೆ ಪರೀಕ್ಷೆಯಲ್ಲಿ ಅದೂ ಬಯಲಾಗುತ್ತದೆ, ಹೆದರಬೇಡಿ. ಮೃತ್ಯುಪತ್ರ ಬರೆಸುವ ಹಿರಿಯರೇ, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ಮಕ್ಕಳಿಗೆಲ್ಲ ತಿಳಿಸಿಡಿ. ಕೈ ನಡುಗುತ್ತಿದ್ದರೆ ಮುಚ್ಚಿಡಬೇಡಿ. ಮಕ್ಕಳೇ, ಈ ಸಲ ಊರಿಗೆ ಹೋದಾಗ ಆ ಕೈಯನ್ನು ಒಮ್ಮೆ ಹಿಡಿದು ನೋಡಿ.