ಏಳು ಸಲ ಬಂದ ಬೆಕ್ಕು

ಮೊದಲಾ ಹೇಳಿಬಿಡ್ತೀನಿ, ಆ ಬೆಕ್ಕು ತಾನಾಗಿ ಒಂದು ಸಲಾನೂ ಮನಿಗೆ ಬಂದಿದ್ದಿಲ್ಲ. ಏಳು ಸಲಾನೂ ನಾನಾ ತಂದು ಬಿಟ್ಟಿದ್ದೆ. ಕಂಪ್ಲಿಯಾಗ ಈ ಮಾತು ತೆಗೆದು ಇವತ್ತಿಗೂ ನಗತಾರ. ನಗಲಿ ಬಿಡ್ರಿ, ಅವರ ಬಾಯಿ, ಅವರ ಹಲ್ಲು.

ನನ್ನ ಹೆಸರು ಜಡೆಪ್ಪ, ನಮ್ಮದು ಅಕ್ಕಿ ಮಿಲ್ಲು. ಕಾಲುವಿ ನೀರು ಬಂದ ಮ್ಯಾಲೆ ನಮ್ಮ ಕಡಿ ಎಲ್ಲಿ ನೋಡಿದ್ರೂ ನೆಲ್ಲು. ನೆಲ್ಲು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಸೋನಾ ಅಂತ ಹೆಸರಿಟ್ಟಿದ್ದು ನಾನಾ, ಅದರ ಮೈಬಣ್ಣ ಥೇಟ್ ಸೋನಾ ನೆಲ್ಲಿಂದು. ಇಲಿ ಹಿಡಿಯೋದ್ರಾಗ ಎತ್ತಿದ ಕೈ. ಆದ್ರ ನನ್ನ ಹೆಂಡ್ತಿ ಮರುಳಸಿದ್ದಮ್ಮಗ ಅದನ್ನ ಕಂಡ್ರ ಆಗ್ತಿದ್ದಿಲ್ಲ. ಪೂಜಿಗೆ ಇಟ್ಟ ಹಾಲಿಗೆ ಬಾಯಿ ಹಾಕ್ತು, ಟ್ರಂಕಿನ್ಯಾಗ ಇಳಕಲ್ ಸೀರಿ ಮ್ಯಾಲೆ ಮರಿ ಹಾಕ್ತು. "ಈ ಮನ್ಯಾಗ ಅದಾರ ಇರಬೇಕು, ನಾನಾರ ಇರಬೇಕು" ಅಂದ್ಲು. ನಾನು ಉತ್ತರ ಕೊಡಾಕ ಸ್ವಲ್ಪ ತಡ ಮಾಡಿದೆ. ಅದಾ ತಪ್ಪಾತು ನೋಡ್ರಿ.

ಮರುದಿನ ಆಕಿ ಬೆಕ್ಕನ್ನ ಗೋಣಿಚೀಲದಾಗ ಹಾಕಿ, ಚೀಲ ಮೂರು ಸುತ್ತು ತಿರುಗಿಸಿ, ನಮ್ಮ ಲಾರಿ ಡ್ರೈವರ್ ಪಕ್ಕೀರಪ್ಪನ ಕೈಗೆ ಕೊಟ್ಲು. ಹಂಗ ತಿರುಗಿಸಿದ್ರ ಬೆಕ್ಕಿಗೆ ದಿಕ್ಕು ತಪ್ಪತೈತಂತ, ನಮ್ಮ ಮನ್ಯಾಗ ಹಿರ್ಯಾರ ಕಾಲದಿಂದ ಹಂಗಾ ಮಾಡ್ತಾರ. "ಹೊಳಿ ದಾಟಿಸಿ ಬಿಟ್ಟು ಬಾ" ಅಂದ್ಲು. ಪಕ್ಕೀರಪ್ಪ ಗಂಗಾವತಿ ರಸ್ತ್ಯಾಗ ಬಿಟ್ಟು ಬಂದು, ಎಲ್ಲಿ ಬಿಟ್ಟೆ ಅಂತ ನನ್ನ ಕಿವ್ಯಾಗ ಊದಿದ. ನಾನು ಸ್ಕೂಟರ್ ಹತ್ತಿ ಹೋಗಿ, ತಂದು, ಎರಡು ದಿನ ಗೋಡೌನಿನ್ಯಾಗ ಬಚ್ಚಿಟ್ಟು, ಮೂರನೇ ದಿನ ಹಿತ್ತಲ ಬಾಗಿಲಿಂದ ಒಳಗ ಬಿಟ್ಟೆ. ಅದು ಹೊಸ ಅಳಿಯನಂಗ ಗತ್ತಿನಿಂದ ಅಡಿಗಿ ಮನಿಗೆ ನಡೀತು. "ಅಯ್ಯ ಶಿವನೇ!" ಅಂತ ಹೆಂಡ್ತಿ ಎದಿ ಮ್ಯಾಲೆ ಕೈ ಇಟ್ಟುಕೊಂಡ್ಲು.

ಆಮ್ಯಾಲೆ ಕಮಲಾಪುರಕ್ಕ ಕಳಿಸಿದ್ಲು, ತಂದೆ. ಹಂಪಿ ಬಾಳಿ ತ್ವಾಟಕ್ಕ ಕಳಿಸಿದ್ಲು, ತಂದೆ. ಹೊಸಪೇಟಿ, ತೋರಣಗಲ್ಲು, ಕಡೀಕ ಎರಡು ಸಲ ಆಕಿ ತವರೂರು ಸಂಡೂರು, ಅಲ್ಲಿಂದಾನೂ ತಂದೆ. ಊರಾಗ ಸೋನಾ ದೇವರ ಬೆಕ್ಕಾಗಿ ಹೋತು. ನೆಲ್ಲು ಹಾಕಿಸಾಕ ಬಂದ ಮಂದಿ ಮೊದ್ಲು ಅದಕ್ಕ ಕೈ ಮುಗಿದು ಆಮ್ಯಾಲೆ ನನ್ನ ಮಾತಾಡಿಸ್ತಿದ್ರು.

ಇಷ್ಟಕ್ಕಾ ನಿಂತಿದ್ರ ಚೊಲೊ ಇತ್ತು. ಮಿಲ್ಲಿನ ಮ್ಯಾಲಿನ ಖೋಲ್ಯಾಗ ಓಬಳೇಶ ಅಂತ ಒಬ್ಬಾವ ಬಾಡಿಗಿ ಇದ್ದ. ಪ್ರಾಣಿಗಳು ದಾರಿ ಹೆಂಗ ಹುಡುಕತಾವ ಅನ್ನೋದ್ರ ಮ್ಯಾಲೆ ಪಿಎಚ್‌ಡಿ ಮಾಡ್ತಿದ್ದ. ಎರಡು ವರ್ಷ ಹಂಪಿ ಗುಡ್ಡದಾಗ ಪಾರಿವಾಳ ಹಾರಿಸಿ ಹಾರಿಸಿ ಸೋತಿದ್ದ. ಅರ್ಧ ಪಾರಿವಾಳ ವಾಪಸ್ ಬರ್ತಿದ್ದಿಲ್ಲ, ಉಳಿದರ್ಧ ಪಂಜರ ಬಿಟ್ಟು ಹೋಗ್ತಾನಾ ಇದ್ದಿಲ್ಲ. ಸೋನಾನ ಸುದ್ದಿ ಕೇಳಿದ್ದಾ ತಡ, ನನ್ನ ಹೆಂಡ್ತಿ ಮುಂದ ಕುಂತು ಯಾವ ದಿನ, ಯಾವ ಊರು ಎಲ್ಲಾ ಬರಕೊಂಡ. "ಬೆಕ್ಕಿನ ಮಾತು ನಂಬಬ್ಯಾಡಪ್ಪ" ಅಂದೆ. "ನಂಬಿಕಿ ಪ್ರಶ್ನೆ ಅಲ್ರಿ ಜಡೆಪ್ಪಾರ, ಏಳು ಸಲದ ದಾಖಲೆ ಐತಿ" ಅಂದ. ಅವನ ಮುಖದಾಗ ಅಷ್ಟು ಖುಷಿ ನಾ ಅಲ್ಲಿವರಿಗೂ ನೋಡಿದ್ದಿಲ್ಲ. ಬಾಯಿ ಮುಚ್ಚಿಗೊಂಡೆ.

ಎಂಬತ್ತಾರನೇ ಇಸವಿ ಡಿಸೆಂಬರ್‌ದಾಗ, ಹೊಸದಾಗಿ ಸಂಶೋಧನಿಗೆ ಇಳಿದ ಇಂಥಾ ಹುಡುಗ ಹುಡುಗ್ಯಾರದು ಹೊಸಪೇಟಿ ಡ್ಯಾಮಿನ ಹತ್ರ ಒಂದು ಗೆಸ್ಟ್ ಹೌಸಿನ್ಯಾಗ ಮೂರು ದಿನದ ಸಮ್ಮೇಳನ ನಡೀತು. ನಾನು, ಹೆಂಡ್ತಿ, ಬುಟ್ಟ್ಯಾಗ ಸೋನಾ, ಮೂವರಿಗೂ ಮುಂದಿನ ಸಾಲಿನ್ಯಾಗ ಜಾಗ. ಪಕ್ಕೀರಪ್ಪ ಲಾರ್‍ಯಾಗ ಕರಕೊಂಡು ಬಂದ. ಮದ್ರಾಸಿನ ಹುಡುಗಿ ಒಬ್ಬಾಕಿ ಆಮಿ ಬಗ್ಗೆ ಹೇಳಿದ್ಲು, ಇನ್ನೊಬ್ಬಾವ ಇರುವಿ ಬೆನ್ನಿಗೆ ಬಣ್ಣ ಹಚ್ಚಿದ್ನಂತ. ಮಾಡಾಕ ಬ್ಯಾರೆ ಕೆಲಸ ಇಲ್ಲೇನಲೇ ಅನ್ನಬೇಕಂದೆ. ಬೆಕ್ಕು ಹುಡುಕ್ಕೊಂಡು ಊರೂರು ತಿರುಗಿದಾವ ಹಂಗನ್ನಾಕ ಬರತೈತೇನು?

ಓಬಳೇಶ ಸೋನಾನ ಮ್ಯಾಲೆ ಬರದಿದ್ದನ್ನ ಓದಿದ್ದಕ್ಕ ಎಲ್ಲಾರೂ ಚಪ್ಪಾಳೆ ಹೊಡೆದ್ರು. ಆಗ ಎದ್ರು ನೋಡ್ರಿ ಡಾಕ್ಟರ್ ಉಚ್ಚಂಗೆಮ್ಮ. ಹರಪನಹಳ್ಳಿ ಕಡಿಯವ್ರು, ಆ ಸಮ್ಮೇಳನಕ್ಕ ಹಿರಿಯರು. "ಭಾಳ ಚೊಲೊ ಐತಿ. ಆದ್ರ ಇಲ್ಲೀವರಿಗೆ ಎಲ್ಲಾ ಕೇಳಿದ ಮಾತು. ಈಗ ಕಣ್ಣಾರೆ ನೋಡೋಣು. ಬೆಕ್ಕನ್ನ ಜೀಪಿನ್ಯಾಗ ಒಯ್ದು ಸಂಡೂರು ಕಾಡಿನ್ಯಾಗ ಬಿಡೋಣು. ಮನಿಯವ್ರು ಮಾತ್ರ ಮೂರು ದಿನ ಇಲ್ಲೇ ಇರಬೇಕು" ಅಂದ್ರು.

ನನ್ನ ಜೀವ ಹಾರಿ ಹೋತು. ಸಂಡೂರು ಕಾಡಂದ್ರ ಚಿರತಿ, ಕರಡಿ. ಸೋನಾ ಅಂದ್ರ ಅಕ್ಕಿ ಮೂಟಿ ಮ್ಯಾಲೆ ಮಲಗಿ ಬೆಳೆದ ಜೀವ, ಓಣಿ ನಾಯಿ ಬೊಗಳಿದ್ರ ಬಂದು ನನ್ನ ಪಂಚಿ ಒಳಗ ಹೊಕ್ಕೋತಿತ್ತು. ಬಾಯಿ ಬಿಟ್ರ ಓಬಳೇಶನ ಮಾನ ಹೋಗತೈತಿ, ಹೆಂಡ್ತಿ ನನ್ನ ಚರ್ಮ ಸುಲೀತಾಳ. ಬಾಯಿ ಬಿಡದಿದ್ರ ಬೆಕ್ಕು ಸಾಯತೈತಿ. ಇಬ್ಬರು ಹುಡುಗ್ರು ಬುಟ್ಟಿ ಎತ್ತಿದ್ರು. ಒಳಗಿಂದ ಸೋನಾ "ಮ್ಯಾಂವ್" ಅಂತು. ಹೊರಗ ಜೀಪು ಸ್ಟಾರ್ಟ್ ಆತು.

"ನಿಲ್ಲಸ್ರೀ!" ಅಂತ ಕೂಗಿದೆ. "ಆ ಬೆಕ್ಕಿಗೆ ಸಂಡೂರಿರ್ಲಿ, ನಮ್ಮ ಪಕ್ಕದ ಓಣಿ ದಾರೀನೂ ಗೊತ್ತಿಲ್ಲ! ತಂದಾವ ನಾನು!"

ಓಬಳೇಶ ಕೈಯಾಗಿನ ಹಾಳಿ ಹಿಡಕೊಂಡಾ ಕುಂತುಬಿಟ್ಟ. ಅವನ ಮುಖ ನೋಡಾಕ ನನಗ ಧೈರ್ಯ ಆಗಲಿಲ್ಲ.

"ಏಳು ಸಲಾನೂ?" ಅಂದ್ರು ಡಾಕ್ಟರಮ್ಮ.

"ಏಳೂ ಸಲ ರೀ. ತಪ್ಪಾತು."

ಆ ಯಮ್ಮ ಕನ್ನಡಕ ತೆಗೆದು ಕಣ್ಣು ಒರಸಿಕೊಂಡು ನಕ್ಕರು. "ಓಬಳೇಶ, ಅಳಬ್ಯಾಡ. ಪ್ರಾಣಿ ಒಂದನ್ನ ಬದಲಿ ಮಾಡು, ಉಳಿದಿದ್ದೆಲ್ಲ ಸರಿ ಐತಿ. ದಾರಿ ಹುಡುಕಿದ್ದು ಸಾವ್ಕಾರ್ರು. ನಾಳಿ ನೀನಾ ಎದ್ದು ನಿಂತು, ಎಲ್ಲಿ ಮೋಸ ಹೋದೆ ಅಂತ ಇವರಿಗೆಲ್ಲ ಹೇಳು. ಈ ಮೂರು ದಿನದಾಗ ಅದಕ್ಕಿಂತ ಉಪಯೋಗದ ಭಾಷಣ ಇರಂಗಿಲ್ಲ." ಎಲ್ಲಾರೂ ಹೊಟ್ಟಿ ಹಿಡಕೊಂಡು ನಕ್ಕರು. ಕಡೀಕ ಓಬಳೇಶಾನೂ ನಕ್ಕ.

ನನ್ನ ಹೆಂಡ್ತಿ ಒಬ್ಬಾಕಿ ನಗಲಿಲ್ಲ. ಈಗ ಬೀಳತಾವ ಬೈಗುಳ ಅಂತ ತಲಿ ತಗ್ಗಿಸಿದೆ.

"ಗೊತ್ತಿತ್ತು" ಅಂದ್ಲು.

"ಏನು ಗೊತ್ತಿತ್ತು?"

"ಮೊದಲನೇ ಸಲಾನಾ ಗೊತ್ತಾತು. ನಡಕೊಂಡು ಬಂದ ಬೆಕ್ಕಿನ ಮೈಯಾಗ ಪೆಟ್ರೋಲ್ ವಾಸನಿ ಹೆಂಗ ಬರತೈತ್ರಿ?"

"ಮತ್ತ ಏಳು ಸಲ ಯಾಕ ಕಳಿಸಿದಿ?"

"ಒಂದು ಬೆಕ್ಕಿನ ಸಲುವಾಗಿ ನೀವು ಎಷ್ಟು ದೂರ ಹೋಗ್ತೀರಿ ನೋಡೋಣು ಅಂತ. ಸಲ ಸಲಾನೂ ದೂರ ಹೆಚ್ಚು ಮಾಡಿದೆ." ಹಿಂದಿನ ಸಾಲಿನ್ಯಾಗ ಪೆನ್ನು ಓಡೋ ಸದ್ದು ಕೇಳಿಸ್ತು. ಆಕಿ ನನ್ನ ಕಡಿ ತಿರುಗಿದ್ಲು. "ನಾಕು ವರ್ಷ ಆತು ನಾನು ತವರಿಗೆ ಹೋಗಿ. ಕೇಳಿದಾಗೆಲ್ಲ, ಮಿಲ್ ಬಿಟ್ಟು ಹೆಂಗ ಬರ್ಲಿ ಅಂದ್ರಿ. ಬೆಕ್ಕಿನ ಸಲುವಾಗಿ ಎರಡು ಸಲ ಸಂಡೂರಿಗೆ ಹೋದ್ರಿ. ನಮ್ಮವ್ವನ ಅಂಗಳದಾಗಾ ಬಿಡಿಸಿದ್ದೆ. ಬಂದು, ಬೆಕ್ಕು ಎತ್ತಿಗೊಂಡು, ಒಳಗ ಕಾಲಿಡದಾ ಹೋದ್ರಂತ. ನಮ್ಮವ್ವ ಕಿಟಕ್ಯಾಗಿಂದ ನೋಡ್ಯಾಳ. 'ಅಳಿಯಂದಿರಿಗೆ ನಾವು ಬೆಕ್ಕಿಗಿಂತ ಕಡಿಮಿ ಆದ್ವೇನವ್ವ' ಅಂತ ಕಾಗದ ಬರಸ್ಯಾಳ."

ನನಗ ನಾಚಿಕ್ಯಾತು. ಖರೇ ಹೇಳ್ತೀನಿ, ಅಷ್ಟು ನಾಚಿಕಿ ಹುಟ್ಟಿದಾಗಿಂದ ಆಗಿದ್ದಿಲ್ಲ. ಸಂಡೂರಿನ ಆ ಅಂಗಳದಾಗ ನಿಂತಾಗ ಅತ್ತಿ ನೆನಪೂ ನನಗ ಬಂದಿದ್ದಿಲ್ಲ.

ಆಕಿ ಬುಟ್ಟಿ ಎತ್ತಿಗೊಂಡು ಹೊರಗ ಹೋಗಿ ಜೀಪು ಹತ್ತಿದ್ಲು. "ಹೆಂಗೂ ಸಂಡೂರಿಗೆ ಹೊಂಟಿದ್ರಲ್ಲ, ನಮ್ಮವ್ವನ ಮನಿ ಮುಂದ ಇಳಿಸ್ರಪ್ಪ" ಅಂದ್ಲು. ಜೀಪಿನ ಡ್ರೈವರ್ ಡಾಕ್ಟರಮ್ಮನ ಮುಖ ನೋಡಿದ, ಅವರು ಹೂಂ ಅಂದ್ರು. ಜೀಪು ಹೋಗಾಬಿಡ್ತು.

"ಪಕ್ಕೀರಪ್ಪ, ಲಾರಿ ತೆಗಿಯಲೇ!"

"ಕಂಪ್ಲಿಗೇನ್ರಿ ಸಾವ್ಕಾರ್ರ? ನಾಳಿ ಮುಂಜಾನಿ ನೆಲ್ಲಿನ ಲೋಡ್ ಬರತೈತ್ರಿ."

"ಬಂದು ಬಿದ್ದಿರ್ಲಿ. ನಡಿ ಸಂಡೂರಿಗೆ."

ನಾವು ಹೋಗಿ ಮುಟ್ಟೋದ್ರಾಗ ಅತ್ತಿ ನೀರಿನ ತಂಬಿಗಿ ಹಿಡಕೊಂಡು ಬಾಗಿಲ್ದಾಗ ನಿಂತಿದ್ರು. "ಬರ್ರಿ ಅಳಿಯಂದ್ರ. ಬೆಕ್ಕು ಒಳಗೈತಿ, ತರ್ಲೇನು?" ಅಂದ್ರು.

"ಬ್ಯಾಡತ್ತಿ" ಅಂದೆ. ತಂಬಿಗಿ ನೀರು ಅಷ್ಟೂ ಕುಡಿದು, ಚಪ್ಪಲಿ ಬಿಟ್ಟು ಒಳಗ ಹೋದೆ. ನಾಕು ದಿನ ಇದ್ದೆ.