ಚನ್ನರಾಯಪ್ಪನ ನಾಲ್ಕು ಹಲ್ಲು

ಅಶ್ವತ್ಥಮ್ಮ ಗಂಡನ ಬಾಯಿಯ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ. ಚನ್ನರಾಯಪ್ಪನಿಗೆ ಸ್ನಾನ ಮಾಡಿಸಿ, ಹೊಸ ಪಂಚೆ ಉಡಿಸಿ, ಅಂಗಳದ ಬೆಂಚಿನ ಮೇಲೆ ಮಲಗಿಸಿಯಾಗಿತ್ತು. ಇನ್ನು ಬಾಯಿಗೆ ಅಕ್ಕಿ ಹಾಕುವುದೊಂದು ಬಾಕಿ. ಗದ್ದಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿದ ಕೂಡಲೇ ಪೆದ್ದಪ್ಪ ತಕರಾರು ತೆಗೆದರು. ದಾಯಾದಿಗಳಲ್ಲೆಲ್ಲ ಹಿರಿಯರು ಅವರು. ಮದುವೆಯಾಗಲಿ ಸಾವಾಗಲಿ, ಅವರೊಂದು ತಪ್ಪು ಹುಡುಕುವವರೆಗೆ ಕೆಲಸ ಮುಂದೆ ಸಾಗುತ್ತಿರಲಿಲ್ಲ.

"ಕಟ್ಟಿಸ್ಕೊಂಡಿರೋ ಹಲ್ಲು ತೆಗೀಬೇಕಮ್ಮ. ಹುಟ್ಟುವಾಗ ತರದೆ ಇರೋದು ಮಣ್ಣಿಗೆ ಹೋಗಬಾರ್ದು."

"ಅದು ತೆಗೆದಿಡೋ ಸೆಟ್ಟಲ್ಲ ಮಾವ. ಬ್ರಿಡ್ಜ್ ಅಂತಾರೆ. ಅಂಟಿಸಿರ್ತಾರೆ, ಬರಲ್ಲ."

"ಬರಲ್ಲ ಅಂದ್ರೆ ಬಿಡೋಣ. ಒಂದ್ಸಲ ನೋಡೋದ್ರಲ್ಲಿ ಏನೈತೆ?"

"ಅಮ್ಮ, ಕೈ ತೆಗಿ. ದೊಡ್ಡೋರು ಹೇಳ್ತವ್ರಲ್ಲ" ಎಂದ ಮಗ ಸುರೇಶ. ವೇಮಗಲ್ಲಿನ ಫ್ಯಾಕ್ಟರಿಯಿಂದ ಯೂನಿಫಾರ್ಮಿನಲ್ಲೇ ಓಡಿ ಬಂದಿದ್ದ ಅವನಿಗೆ ಪಾಪ, ಏನೂ ಗೊತ್ತಿರಲಿಲ್ಲ. ಆ ಹಲ್ಲು ಅಲ್ಲಾಡುತ್ತಿರುವುದು ಇಡೀ ಅಂಗಳದಲ್ಲಿ ಅಶ್ವತ್ಥಮ್ಮನೊಬ್ಬಳಿಗೇ ಗೊತ್ತಿತ್ತು. ಹೋದ ವಾರ ಗಂಡ ಹಸಿ ತೋತಾಪುರಿ ಮಾವಿನಕಾಯಿ ಕಚ್ಚಿ ಸಡಿಲ ಮಾಡಿಕೊಂಡಿದ್ದ. ಸೋಮವಾರ ಕೋಲಾರಕ್ಕೆ ಹೋಗಿ ಅಂಟಿಸಿಕೊಂಡು ಬರುತ್ತೇನೆ ಎಂದಿದ್ದ ಮನುಷ್ಯ ಭಾನುವಾರ ಬೆಳಿಗ್ಗೆ ಏಳಲೇ ಇಲ್ಲ. ಈಗ ಯಾರಾದರೂ ಎರಡು ಬೆರಳಲ್ಲಿ ಹಿಡಿದು ಎಳೆದರೆ ಸಾಕು, ಅವಳು ಕೊಟ್ಟ ಮಾತು ಮಣ್ಣುಪಾಲು.

*

ಚನ್ನರಾಯಪ್ಪ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವನು. ಒಂದು ಸೀಸನ್ನಿನಲ್ಲಿ ಲಾರಿಯಿಂದ ಜಾರಿದ ಕ್ರೇಟು ಮುಖಕ್ಕೆ ಬಡಿದು ಮೇಲಿನ ಎರಡು ಹಲ್ಲು ಉದುರಿದವು. ಆಮೇಲೆ ಕೂಗಿದ ಅರ್ಧ ಮಾತು ಗಾಳಿಗೇ ಹೋಗುತ್ತಿತ್ತು. ನಗು ಬಂದರೆ ಟವೆಲ್ಲು ಅಡ್ಡ ಹಿಡಿಯುತ್ತಿದ್ದ. ಕುರುಡುಮಲೆ ಗಣಪನಿಗೂ ಒಂದು ದಂತ ಮುರಿದಿಲ್ಲವೇ ಎಂದು ಗೆಳೆಯರು ಸಮಾಧಾನ ಮಾಡಿದರೆ, "ಅವನಿಗೆ ಸೊಂಡಿಲೈತೆ, ಮುಚ್ಕೋತಾನೆ. ನನಗೇನೈತೆ?" ಅನ್ನುತ್ತಿದ್ದ.

ಹಾಗೆಯೇ ಕಾಲ ಕಳೆಯುತ್ತಿದ್ದನೇನೋ, ಅಷ್ಟರಲ್ಲಿ ಅವನ ಅಣ್ಣ ತೀರಿಕೊಂಡ. ಅಣ್ಣನಿಗಿದ್ದದ್ದು ಪೂರಾ ಸೆಟ್ಟು. ಅವತ್ತೂ ಪೆದ್ದಪ್ಪ ಇದೇ ಮಾತು ಹೇಳಿದರು. ಅತ್ತಿಗೆ ಭಾರತಮ್ಮ ಎದುರು ಮಾತಾಡದೆ ತನ್ನ ಕೈಯಾರೆ ಗಂಡನ ಹಲ್ಲು ತೆಗೆದುಕೊಟ್ಟಳು. ಕೆನ್ನೆಗಳು ಒಳಗೆ ಹೋಗಿ, ತುಟಿ ಮಡಚಿಕೊಂಡು, ನೋಡನೋಡುತ್ತಿದ್ದಂತೆ ಆ ಮುಖ ಬೇರೆ ಯಾರದ್ದೋ ಆಗಿಹೋಯಿತು. ಮೊಮ್ಮಗಳು ಅಕ್ಕಿ ಹಾಕಲು ಬರಲಿಲ್ಲ. "ಇದು ನಮ್ಮ ತಾತ ಅಲ್ಲ" ಎಂದು ಚೀರಿ ಓಡಿದಳು.

ಅವತ್ತು ಮನೆಗೆ ಬಂದವನೇ ಚನ್ನರಾಯಪ್ಪ ಮಗುವಿನ ಹಾಗೆ ಅತ್ತಿದ್ದ.

"ನನ್ನ ಹಂಗೆ ಕಳಿಸ್ಬೇಡ ಕಣೇ. ನನ್ನ ಮುಖ ನನಗಿರ್ಲಿ. ಮಾತು ಕೊಡು."

ಅಶ್ವತ್ಥಮ್ಮ ಕೊಟ್ಟಳು. ಅಷ್ಟು ವರ್ಷದ ಸಂಸಾರದಲ್ಲಿ ಅವನು ಅವಳಿಂದ ಕೇಳಿ ಪಡೆದದ್ದು ಅದೊಂದೇ.

ಮುಂದಿನ ವಾರವೇ ಇಬ್ಬರೂ ಕೋಲಾರದ ಬಸ್ಸು ಹತ್ತಿದರು. ಡಾಕ್ಟರ್ ಶ್ರೀಪ್ರಿಯಾ ಚಿಕ್ಕ ವಯಸ್ಸಿನ ಹುಡುಗಿ, ತಾಳ್ಮೆಯಿಂದ ವಿವರಿಸಿದಳು. ಪಕ್ಕದ ಎರಡು ಹಲ್ಲನ್ನು ಕೊರೆದು ಸಣ್ಣ ಮಾಡಿ, ಅವುಗಳ ಆಸರೆಯಲ್ಲಿ ನಾಲ್ಕು ಹಲ್ಲಿನ ಒಂದೇ ತುಂಡು ಕೂರಿಸಿ ಅಂಟಿಸುವುದು. ರಾತ್ರಿ ತೆಗೆದಿಡುವ ತಾಪತ್ರಯವಿಲ್ಲ.

"ಚೆನ್ನಾಗಿರೋ ಎರಡನ್ನ ಯಾಕಮ್ಮ ಕೊರೀತೀರ?" ಎಂದು ಅಶ್ವತ್ಥಮ್ಮ ರಾಗ ತೆಗೆದಳು. ಚನ್ನರಾಯಪ್ಪನ ಚಿಂತೆ ಬೇರೆ.

"ಸತ್ತ ಮೇಲೆ ಬರ್ತದಾ?"

ಡಾಕ್ಟರು ಕೈಯಲ್ಲಿದ್ದ ಕನ್ನಡಿ ಕೆಳಗಿಟ್ಟಳು. "ತೆಗೀಬೇಕು ಅಂದ್ರೆ ನಾನೇ ಕಟ್ ಮಾಡಬೇಕು ಅಜ್ಜ. ಗಟ್ಟಿ ಪದಾರ್ಥ ಕಚ್ಚಬೇಡಿ, ಅಷ್ಟೆ."

ಅವನ ಕಿವಿಗೆ ಬಿದ್ದದ್ದು ಮೊದಲಿನ ಅರ್ಧ ಮಾತ್ರ. ಹಲ್ಲು ಕೂರಿಸಿಕೊಂಡು ಬಸ್ಸಿನಲ್ಲಿ ಬರುವಾಗ ಕಂಡಕ್ಟರನಿಗೂ ಒಂದು ನಗೆ ಕೊಟ್ಟ. ಊರಿನಲ್ಲಿ ಎಲ್ಲರೂ ಚೆನ್ನಾಗಿದೆ ಎಂದರು. ಭಾರತಮ್ಮ ಮಾತ್ರ, "ಸತ್ತ ಮೇಲೂ ನಗೋಕೆ ಕಟ್ಟಿಸ್ಕೊಂಡು ಬಂದವ್ನೆ ನನ್ನ ಮೈದುನ" ಎಂದು ಚುಚ್ಚಿ ಹೋದಳು. ಆಮೇಲೆ ಈ ಮನೆಯ ಹೊಸ್ತಿಲು ತುಳಿದದ್ದೇ ಅಪರೂಪ.

*

"ಭಾರತಮ್ಮ, ನಿನಗೆ ಗೊತ್ತಲ್ಲ. ನೀನೇ ನೋಡು ಬಾ" ಎಂದರು ಪೆದ್ದಪ್ಪ.

ಬೇರೆ ಯಾರಾಗಿದ್ದರೂ ಅಶ್ವತ್ಥಮ್ಮ ಕಾಲು ಹಿಡಿಯಬಹುದಿತ್ತು. ಭಾರತಮ್ಮ ಜನರ ನಡುವಿನಿಂದ ಎದ್ದು ಬಂದು ತಲೆಯ ಹತ್ತಿರ ಕೂತಳು.

"ಕೈ ತೆಗಿ."

"ಅಕ್ಕ..." ಎಂದಳು ಅಶ್ವತ್ಥಮ್ಮ. ಕೈ ತೆಗೆದಳು.

ಭಾರತಮ್ಮ ತುಟಿ ಎತ್ತಿ, ಹಲ್ಲನ್ನು ಎರಡು ಬೆರಳಲ್ಲಿ ಹಿಡಿದು ಎಳೆದಳು. ನಾಲ್ಕೂ ಒಟ್ಟಿಗೆ ಒಂದು ಅಕ್ಕಿಕಾಳಿನಷ್ಟು ಕೆಳಗೆ ಜಾರಿದವು. ಅಶ್ವತ್ಥಮ್ಮ ಕಣ್ಣಾರೆ ಕಂಡಳು. ಅವಳು ಕಂಡದ್ದನ್ನು ಭಾರತಮ್ಮನೂ ಕಂಡಳು.

ಭಾರತಮ್ಮನ ಬೆರಳು ಅಲ್ಲಿಗೇ ನಿಂತಿತು. ಅವಳು ಮೈದುನನ ಮುಖವನ್ನೇ ನೋಡುತ್ತ ಕೂತಳು. ಕೆನ್ನೆ ತುಂಬಿಕೊಂಡು ಅವನು ಅವನ ಹಾಗೆಯೇ ಇದ್ದ. ಮತ್ತೆ ಹೆಬ್ಬೆರಳು ಊರಿ ಆ ಹಲ್ಲುಗಳನ್ನು ಮೆಲ್ಲಗೆ ಮೇಲಕ್ಕೆ ಒತ್ತಿದಳು.

"ಬರಲ್ಲ ಮಾವ."

"ಸರಿಯಾಗಿ ಎಳೆದ್ಯಾ?"

"ಎಳೆದೆ. ಕಲ್ಲಿದ್ದಂಗೈತೆ. ಅನುಮಾನ ಇದ್ರೆ ನೀವೇ ಬಾಯಿಗೆ ಕೈ ಹಾಕಿ ನೋಡಿ."

ಪೆದ್ದಪ್ಪ ಎರಡು ಹೆಜ್ಜೆ ಹಿಂದೆ ಸರಿದರು. "ಕಾನೀಲೇ, ಆಗ್ಲಿ ಬಿಡಿ. ಅಕ್ಕಿ ತನ್ನಿ."

ಅಶ್ವತ್ಥಮ್ಮನಿಗೆ ಹೋದ ಜೀವ ಬಂದಂತಾಯಿತು. ಬೆಳಗಿನಿಂದ ಬಾರದಿದ್ದ ಅಳು ಈಗ ಬಂತು. ಗಂಡ ಸತ್ತ ದಿನ ಮನಸ್ಸು ಹಗುರವಾಯಿತೆಂದರೆ ನೋಡಿದವರು ಏನಂದಾರೋ, ಆದರೆ ಹಗುರವಾದದ್ದು ನಿಜ.

"ಅಕ್ಕ" ಎಂದಳು ಮತ್ತೆ.

ಭಾರತಮ್ಮ ಅವಳ ಕಡೆ ತಿರುಗದೆ ತಗ್ಗಿದ ದನಿಯಲ್ಲಿ ಹೇಳಿದಳು. "ಅವತ್ತು ನನಗೆ ಹಿಂಗೆ ಹೇಳೋಕೆ ತೋಚಲಿಲ್ಲ ಕಣೇ."

ಜನ ಸಾಲಾಗಿ ಬಂದರು. ಮೊದಲು ಸುರೇಶ, ಆಮೇಲೆ ನೆಂಟರು, ಮಂಡಿಯವರು. "ಪಕ್ಕಕ್ಕೆ ಹಾಕಿ, ನಿಧಾನ" ಎನ್ನುತ್ತ ಭಾರತಮ್ಮ ಕೂತಲ್ಲಿಂದ ಏಳಲಿಲ್ಲ. ಒಂದು ಕೈ ಮೈದುನನ ಹಣೆಯ ಮೇಲೆ, ಇನ್ನೊಂದರ ಹೆಬ್ಬೆರಳು ಆ ಹಲ್ಲುಗಳಿಗೆ ಆನಿಸಿಕೊಂಡೇ ಇತ್ತು. ಒಬ್ಬೊಬ್ಬರೂ ಹಾಕಿದ ಅಕ್ಕಿ ಅವಳ ಉಗುರಿನ ಮೇಲೂ ಉದುರುತ್ತಿತ್ತು. ಗದ್ದಕ್ಕೆ ಮತ್ತೆ ಬಟ್ಟೆ ಕಟ್ಟುವವರೆಗೆ ಅವಳು ಬೆರಳು ಕದಲಿಸಲಿಲ್ಲ.